ವಜ್ರಲೇಪವೂ ಸುಧೆಯೂ

ಪ್ರಾಚೀನ ದೇವಾಲಯಗಳ ಗೋಡೆಗಳು ಶತಮಾನಗಳು ಕಳೆದರೂ ಬಿರಿಯದೆ ನಿಂತಿರುವುದಕ್ಕೆ ವಜ್ರಲೇಪವೇ ಕಾರಣವೆಂದು ಹೇಳುವ ವಾಡಿಕೆಯುಂಟು. ಈ ಮಾತಿಗೆ ಗ್ರಂಥಗಳ ಆಧಾರವು ಸಾಲದು.

ಕ್ರಿ. ಶ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿರುವನು. ತೂಬರೆಯ ಮತ್ತು ಬೇಲದ ಎಳೆಗಾಯಿ, ಬೂರುಗದ ಹೂ, ಸಲ್ಲಕಿಯ ಬೀಜ, ಧನ್ವನದ ತೊಗಟೆ, ಬಜೆ ಇವುಗಳನ್ನು ಒಂದು ದ್ರೋಣ ನೀರಿನಲ್ಲಿ ಕುದಿಸಿ ಎಂಟನೆಯ ಒಂದು ಪಾಲಿಗೆ ಇಳಿಸಿ, ಗುಗ್ಗುಳ, ಗೇರು, ಸರ್ಜರಸ, ಅಗಸೆ, ಬಿಲ್ವ ಮೊದಲಾದುವನ್ನು ಕೂಡಿಸಿ, ಕಾದಿರುವಾಗಲೇ ಪ್ರಾಸಾದ, ಲಿಂಗ, ಪ್ರತಿಮೆ, ಗೋಡೆ, ಬಾವಿಗಳಿಗೆ ಬಳಿಯತಕ್ಕದ್ದು. ಅದು ಕೋಟಿ ವರ್ಷ ನಿಲ್ಲುವುದೆಂಬುದು ಫಲಶ್ರುತಿಯ ಮಾತೆಂದು ಗ್ರಹಿಸಿದರೆ ಸಾಕು. ಮುಖ್ಯವಾದ ಸಂಗತಿಯೇನೆಂದರೆ, ಈ ಪಾಕದಲ್ಲಿ ಸುಣ್ಣವೇ ಇಲ್ಲ. ಇದು ಮೇಲೆ ಬಳಿಯುವ ಅಂಟೇ ಹೊರತು ಕಲ್ಲಿನ ನಡುವೆ ಹಾಕುವ ಗಾರೆಯಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿಯಾದರೋ ಅದೇ ಹೆಸರು ಎಮ್ಮೆಯ ತೊಗಲನ್ನು ಬೆಣ್ಣೆಯಂತಾಗುವವರೆಗೆ ಬೇಯಿಸಿದ ಚಿತ್ರಕಾರರ ಅಂಟಿಗೆ ಸಂದಿದೆ. ಹೆಸರೊಂದೇ ಆದರೂ ವಸ್ತುಗಳು ಬೇರೆ.

ಗೋಡೆಯನ್ನು ಕಾಯ್ದ ಕೀರ್ತಿಯು ಸುಧೆಗೆ ಸಲ್ಲತಕ್ಕದ್ದು. ಸುಣ್ಣಕ್ಕೂ ಅಮೃತಕ್ಕೂ ಸಂಸ್ಕೃತದಲ್ಲಿ ಇದೊಂದೇ ಶಬ್ದವಿರುವುದು ಗಮನಾರ್ಹವಾಗಿದೆ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಭಿತ್ತಿಲೇಪಕ್ಕೆ ಇಟ್ಟಿಗೆಯ ಪುಡಿಯನ್ನೂ ಸುಣ್ಣವನ್ನೂ ಬೆಲ್ಲ, ಗುಗ್ಗುಳ, ಬಿಲ್ವಗಳನ್ನೂ ವಿಧಿಸುವುದು. ಈ ಇಟ್ಟಿಗೆಯ ಪುಡಿಯೇ ನಮ್ಮ ಸುರ್ಕಿ. ಹದವಾಗಿ ಸುಟ್ಟ ಜೇಡಿಮಣ್ಣಿನ ಅಂಶಗಳು ಸುಣ್ಣದೊಡನೆ ಬೆರೆತು ನೀರಿನಲ್ಲಿಯೂ ಗಟ್ಟಿಯಾಗುವುವು. ಗಾರೆಯಲ್ಲಿ ಉಳಿದ ಸುಣ್ಣವು ಮಳೆನೀರಿನಲ್ಲಿ ಕರಗಿ, ಬಿರುಕಿನೊಳಕ್ಕೆ ಹರಿದು, ಗಾಳಿಯ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಾಗಿ ಆ ಬಿರುಕನ್ನು ಮುಚ್ಚುವುದು. ಬಿರುಕು ಕೂದಲೆಳೆಯಷ್ಟಿದ್ದರೆ ಮಾತ್ರ ಇದು ಸಾಧ್ಯ. ಬೆರಳು ತೂರುವಷ್ಟಿದ್ದರೆ ಸುಧೆಯೂ ನಿರುಪಾಯವು. ಅಲ್ಲಿಯೇ ನಾರಿನ ಉಪಯೋಗವು ತಿಳಿಯುವುದು. ನಾರು ಬಿರುಕಿನ ಎರಡು ದಡಗಳನ್ನೂ ಹಿಡಿದಿಟ್ಟು ಅದನ್ನು ಅಗಲವಾಗಗೊಡದು. ಎಲ್ಲೋರದ ಗುಹೆಗಳ ಮಣ್ಣುಸುಣ್ಣದ ಲೇಪದಲ್ಲಿ ಭಂಗಿಯ ಗಿಡದ ಅಂಶವಿರುವುದು 2016ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ಗೊತ್ತಾಗಿದೆ.

ರೋಮಕರ ಗಾರೆಯಲ್ಲಿ ಕಾಣುವ ಬಿಳಿಯ ಸುಣ್ಣದ ಹರಳುಗಳನ್ನು ಬಹುಕಾಲ ಕೂಲಿಕಾರರ ಅಜಾಗ್ರತೆಯೆಂದೇ ಎಣಿಸುತ್ತಿದ್ದರು. ಅವೇ ಬಿರುಕುಗಳನ್ನು ಮುಚ್ಚುವ ಸುಣ್ಣದ ಸಂಚಯವೆಂದು 2023ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ನಮ್ಮ ದೇಶದಲ್ಲಿ ಈ ವಿದ್ಯೆಯು ಅಷ್ಟು ಹಳೆಯದೂ ಅಲ್ಲ: 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯನ್ನು ಸುರ್ಕಿಗಾರೆಯಿಂದಲೇ ಕಟ್ಟಿದರು.

ಇಷ್ಟಾಗಿಯೂ ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಗೋಡೆಗಳಿಗೆ ಸಿಮೆಂಟನ್ನು ಮೆತ್ತುವುದು ನಿಂತಿಲ್ಲ. ಸಿಮೆಂಟು ತೇವವನ್ನು ಹೊರಬಿಡದೆ ಒಳಗೇ ತಡೆಯುವುದು. ಲವಣವು ಸೇರಿ, ಅದರ ಹಿಂದಿರುವ ಮೆತ್ತನೆಯ ಸುಧೆಯೂ ಇಟ್ಟಿಗೆಯೂ ಪುಡಿಯಾಗಿ ಉದುರುವುವು.