ದನಿ ಕೇಳಿಸುತ್ತದೆ, ಮಾತು ದಾಟದು

ಮಾಕಳಿಯಿಂದ ತುಮಕೂರು ರಸ್ತೆ ಹಿಡಿದು ಬೆಂಗಳೂರಿನತ್ತ ಬಂದರೆ ಜಾಲಹಳ್ಳಿ ಸಿಗುತ್ತದಷ್ಟೆ. 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಅಲ್ಲಿದೆ. ಸೈನ್ಯಕ್ಕೆ ಬೇಕಾದ ನಿಸ್ತಂತು ಯಂತ್ರಗಳನ್ನೂ ಸಂದೇಶಗಳನ್ನು ಗೂಢಗೊಳಿಸುವ ಸಲಕರಣೆಗಳನ್ನೂ ತಯಾರಿಸುತ್ತದೆ. ಆದರೆ ಬೆಂಗಳೂರಿಗೂ ಗೂಢಲಿಪಿಗೂ ನಂಟು ಅದಕ್ಕಿಂತ ಹಳೆಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ದೆಹಲಿಯ ಆನಂದ ಪರ್ಬತದಲ್ಲಿ ‘ವೈರ್‌ಲೆಸ್ ಎಕ್ಸ್‌ಪೆರಿಮೆಂಟಲ್ ಸೆಂಟರ್’ ಎಂಬುದೊಂದಿತ್ತು. ಹೆಸರಿಗೆ ಪ್ರಯೋಗಶಾಲೆ, ಕೆಲಸ, ಜಪಾನೀಯರ ಸಂದೇಶಗಳನ್ನು ಕದ್ದು ಕೇಳಿ ಬಿಡಿಸುವುದು. ಅದರ ಉಪಕೇಂದ್ರಗಳಲ್ಲಿ ಒಂದು ನಮ್ಮ ಬೆಂಗಳೂರಿನಲ್ಲಿತ್ತು.

ಕೇಳುವವರ ಕಷ್ಟ ಹಾಗಿರಲಿ. ಕಳುಹಿಸುವವರ ಕಷ್ಟವನ್ನು ಸ್ವಲ್ಪ ನೋಡಿ. ಜಪಾನೀ ಸೈನ್ಯದ ಸಂಕೇತ ಪುಸ್ತಕದಲ್ಲಿ ಒಂದೊಂದು ಪದಕ್ಕೂ ನಾಲ್ಕಂಕಿಯ ಸಂಖ್ಯೆ. ಒಂದು ಪದಕ್ಕೆ 3917 ಎಂದಿರಲಿ. ಅದಕ್ಕೆ ಇನ್ನೊಂದು ಪುಸ್ತಕದಿಂದ 4586 ಎಂಬ ಬೀಗದ ಸಂಖ್ಯೆಯನ್ನು ದಶಕ ಒಯ್ಯದೆ ಕೂಡಿಸಿದರೆ 7493 ಆಗುತ್ತದೆ. ಗಾಳಿಯಲ್ಲಿ ಹೋಗುವುದು ಇದು. ಪಡೆದವನು ಅದೇ 4586ನ್ನು ಕಳೆದರೆ ಸರಿ. ಪುಟ ತಪ್ಪಿ 2051ನ್ನು ಕಳೆದನೆನ್ನಿ, ಅವನ ಕೈಗೆ ಬರುವುದು 5442, ಬೇರೆಯೇ ಪದ. ದನಿಯೇನೋ ಗಂಟೆ ಹೊಡೆದಂತೆ ಕೇಳಿಸುತ್ತದೆ, ಸುದ್ದಿ ಮಾತ್ರ ಒಂದಕ್ಷರವೂ ದಾಟುವುದಿಲ್ಲ. ಮನೆಯ ರೇಡಿಯೋ ಕೆಟ್ಟರೆ ನಾವು ಏರಿಯಲ್ ಅಲ್ಲಾಡಿಸುತ್ತೇವೆ. ಇಲ್ಲಿ ಏರಿಯಲ್ಲಿಗೆ ಏನೂ ಆಗಿಲ್ಲ. ಎರಡೂ ಕಡೆ ತಾರೀಖು ಒಂದೆಯೇ, ಪುಸ್ತಕದ ಆವೃತ್ತಿ ಒಂದೆಯೇ, ಯಾವ ಪುಟದ ಯಾವ ಸಾಲಿನಿಂದ ತೊಡಗಿತು ಎಂದು ಹುಡುಕಬೇಕು.

ಈ ಹುಡುಕಾಟಕ್ಕೆ ತಾಳ್ಮೆ ಸಾಲದೆ ಹೋದರೆ ಏನಾಗುತ್ತದೆಂಬುದಕ್ಕೆ ಜರ್ಮನರ ಕಥೆಯೊಂದಿದೆ. 1941ರ ಆಗಸ್ಟ್ 30ರಂದು ಅಥೆನ್ಸಿನಿಂದ ವಿಯೆನ್ನಾಕ್ಕೆ ‘ಲೊರೆಂಜ್’ ಎಂಬ ಗೂಢಯಂತ್ರದ ಮೂಲಕ ಸುಮಾರು 4,000 ಅಕ್ಷರಗಳ ಸಂದೇಶ ಹೋಯಿತು. ಆ ತುದಿಯವನಿಗೆ ಅದು ಸರಿಯಾಗಿ ಸಿಕ್ಕಲಿಲ್ಲ, ಮತ್ತೆ ಕಳುಹಿಸೆಂದ. ಕಳುಹಿಸುವವನು ಯಂತ್ರದ ಚಕ್ರಗಳನ್ನು ಮೊದಲಿದ್ದ ಸ್ಥಾನಕ್ಕೇ ತಿರುಗಿಸಿ, ಪುನಃ ಬಡಿಯತೊಡಗಿದ. ಇದಕ್ಕೆ ಖಂಡಿತ ನಿಷೇಧವಿತ್ತು. ಹಾಗಿದ್ದೂ ಅಕ್ಷರಕ್ಕಕ್ಷರ ಅದನ್ನೇ ಬಡಿದಿದ್ದರೆ ಶತ್ರುವಿಗೆ ಹೊಸದೇನೂ ಸಿಗುತ್ತಿರಲಿಲ್ಲ. ಪಾಪ, ಅಷ್ಟುದ್ದ ಎರಡನೆಯ ಸಲ ಬಡಿಯಲು ಯಾರಿಗೆ ತಾನೆ ಬೇಸರವಾಗದು! ಅಲ್ಲಲ್ಲಿ ಪದಗಳನ್ನು ಮೊಟಕು ಮಾಡಿದ. ಒಂದೇ ಬೀಗ, ಎರಡು ಬೇರೆ ಪಾಠ. ಎರಡನ್ನೂ ಬ್ರಿಟಿಷರು ಕೇಳಿಸಿಕೊಂಡರು.

ಅವು ಹೋಗಿ ಬಿದ್ದದ್ದು ಜಾನ್ ಟಿಲ್ಟ್‌ಮನ್ನನ ಮೇಜಿನ ಮೇಲೆ. ಆತ 1920ರ ದಶಕದಲ್ಲಿ ಸಿಮ್ಲಾದಲ್ಲಿ ಕುಳಿತು ರಷ್ಯನರ ಸಂಕೇತಗಳನ್ನು ಬಿಡಿಸುತ್ತಿದ್ದವನು. ಸುಮಾರು ಹತ್ತು ದಿನಗಳಲ್ಲಿ ಎರಡೂ ಪಾಠಗಳನ್ನು ಓದಿದ. ಬೀಗದ ಅಕ್ಷರಮಾಲೆಯೂ ಜೊತೆಗೇ ಕೈಗೆ ಬಂತು. ಆ ಮಾಲೆಯೊಂದರಿಂದಲೇ ಬಿಲ್ ಟಟ್ ಎಂಬ ತರುಣ, ಕಣ್ಣಿನಿಂದ ನೋಡದ ಯಂತ್ರದಲ್ಲಿ ಎಷ್ಟು ಚಕ್ರಗಳು, ಒಂದೊಂದಕ್ಕೆ ಎಷ್ಟು ಹಲ್ಲು ಎಂಬುದನ್ನು ಲೆಕ್ಕ ಹಾಕಿ ಹೇಳಿದ. ನನ್ನ ಮಟ್ಟಿಗೆ ಆ ಯುದ್ಧದಲ್ಲಿ ಇದಕ್ಕಿಂತ ದೊಡ್ಡ ಬುದ್ಧಿಸಾಹಸವಿಲ್ಲ.

ಇಂದು ಬ್ಯಾಂಕಿನ ಎರಡು ಶಾಖೆಗಳ ನಡುವೆ ಓಡಾಡುವ ಲೆಕ್ಕಗಳಿಗೂ ಇಂಥದೇ ಬೀಗ. ಅದರ ಕೀಲಿಯನ್ನು ಯಂತ್ರಗಳು ತಾವೇ ಮಾತಾಡಿಕೊಂಡು ಆಗಾಗ ಬದಲಿಸುತ್ತವೆ. ಒಂದು ತುದಿಯ ಯಂತ್ರ ಕರೆಂಟು ಹೋಗಿ ಹಳೆಯ ಕೀಲಿಯನ್ನು ಮರೆತರೆ, ಇನ್ನೊಂದು ತುದಿ ಅದನ್ನರಿಯದೆ ಹಳೆಯದರಲ್ಲೇ ಕಳುಹಿಸುತ್ತಿರುವುದುಂಟು. ದೀಪಗಳೆಲ್ಲ ಹಸಿರಾಗಿಯೇ ಉರಿಯುತ್ತಿರುತ್ತವೆ. ಆಗ ಸಿಬ್ಬಂದಿ ಹಳೆಯ ಕೀಲಿಯನ್ನು ಎರಡೂ ಕಡೆ ಅಳಿಸಿ, ಹೊಸದನ್ನು ಒಪ್ಪಿಸಿ, ಆಮೇಲೆಯೇ ಬಾಕಿ ಉಳಿದ ಲೆಕ್ಕವನ್ನು ದಾಟಿಸುತ್ತಾರೆ.