ಟರ್ಬೊಗೆ ನೀರು ಬಂದ ಕಥೆ

ತಿಂಗಳಿಗೆ ಅರ್ಧ ಲೀಟರ್. ನಮ್ಮ ಹಳೇ ಟರ್ಬೊ ಪೆಟ್ರೋಲ್ ಕಾರು ಅಷ್ಟು ಕೂಲಂಟ್ ಕುಡಿಯುತ್ತಿತ್ತು. ನಿಲ್ಲಿಸಿದ ಜಾಗದಲ್ಲಿ ಮಾತ್ರ ಒಂದು ಹನಿಯೂ ಇಲ್ಲ. ‘ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್, ಇಂಜಿನ್ ಬಿಚ್ಚಬೇಕು’ ಅಂದರು ಗ್ಯಾರೇಜಿನವರು. ಬಿಚ್ಚಿದರೆ ಖರ್ಚು ಎಷ್ಟಾಗುತ್ತೆ ಅಂತ ಕೇಳಿದ ಮೇಲೆ, ಎರಡು ದಿನ ಟೈಮ್ ಕೊಡಿ ಅಂದು ಮನೆಗೆ ಬಂದೆ. ಟರ್ಬೊಗೂ ನೀರಿಗೂ ಏನು ನಂಟು ಅಂತ ಓದುತ್ತಾ ಕೂತವನು 1962ರ ಅಮೆರಿಕಕ್ಕೆ ಹೋಗಿ ಮುಟ್ಟಿದೆ.

ಇಂಜಿನ್ ಹೊರಗೆ ಬಿಸಾಡುವ ಹೊಗೆಯಿಂದಲೇ ಚಕ್ರ ತಿರುಗಿಸಿ, ಅದರಿಂದ ಒಳಕ್ಕೆ ಹೆಚ್ಚು ಗಾಳಿ ತುರುಕುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟ್ ಪಡೆದಿದ್ದ. ಮಾಮೂಲಿ ಗಿರಾಕಿ ಕೊಳ್ಳುವ ಕಾರಿಗೆ ಅದು ಬರಲು 1962 ಆಗಬೇಕಾಯಿತು. ಆ ವರ್ಷ ಬಂದ ಎರಡರಲ್ಲಿ ಷೆವ್ರೊಲೆ ಕಾರ್ವೆರ್ ಗಾಳಿಯಿಂದಲೇ ತಣಿಯುವಂಥದ್ದು, ಅದನ್ನು ಬಿಡೋಣ. ಇನ್ನೊಂದು ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್. 3.5 ಲೀಟರಿನ ಅಲ್ಯೂಮಿನಿಯಂ ವಿ8, 215 ಅಶ್ವಶಕ್ತಿ.

ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತೆ. ಸೈಕಲ್ ಪಂಪಿನ ಬುಡ ಮುಟ್ಟಿದವರಿಗೆ ಗೊತ್ತು. ಆ ಬಿಸಿಗೆ ಪೆಟ್ರೋಲು ಕಿಡಿಯ ಹತೋಟಿ ಮೀರಿ ಸಿಡಿದರೆ ಪಿಸ್ಟನ್ ಹಾಳು. ಅದಕ್ಕೆ ಜೆಟ್‌ಫೈರಿನ ಇಂಜಿನಿಯರುಗಳು ಒಂದು ಡಬ್ಬ ಇಟ್ಟರು. ಅದರಲ್ಲಿ ಡಿಸ್ಟಿಲ್ಡ್ ವಾಟರ್ ಅರ್ಧ, ಮೆಥನಾಲ್ ಅರ್ಧ, ಹೆಸರು ಮಾತ್ರ ‘ಟರ್ಬೊ ರಾಕೆಟ್ ಫ್ಲೂಯಿಡ್’! ಇದು ರೇಡಿಯೇಟರಿನ ಕೂಲಂಟ್ ಅಲ್ಲ, ಒಳಹೋಗುವ ಗಾಳಿಗೆ ಸಿಂಪಡಿಸುವ ದ್ರವ. ಡಬ್ಬ ಖಾಲಿಯಾದರೆ ಒಂದು ವಾಲ್ವ್ ಮುಚ್ಚಿಕೊಂಡು ಟರ್ಬೊದ ಒತ್ತಡ ತಗ್ಗುತ್ತಿತ್ತು. ಜನ ತುಂಬಿಸಲೇ ಇಲ್ಲ. ಕಾರು ಎಳೆಯುತ್ತಿಲ್ಲ ಅಂತ ದೂರು ಮಾತ್ರ ಬಂತು. ಎರಡೇ ವರ್ಷಕ್ಕೆ, ಹತ್ತು ಸಾವಿರವೂ ಆಗದೆ, ಜೆಟ್‌ಫೈರ್ ನಿಂತಿತು. ಆಮೇಲೆ ಟರ್ಬೊ ಕಿತ್ತು ಮಾಮೂಲಿ ಕಾರ್ಬೊರೇಟರ್ ಹಾಕಿಕೊಡುತ್ತೇವೆ ಅಂತ ಕಂಪನಿಯೇ ಹೇಳಿತು. ನನಗೆ ಆ ಗಿರಾಕಿಗಳ ಮೇಲೆ ಸಿಟ್ಟು ಬರೋದಿಲ್ಲ. ಪೆಟ್ರೋಲ್ ಹಾಕಿಸಿದ ಮೇಲೆ ಇನ್ನೊಂದು ಡಬ್ಬ ನೆನಪಿಡು ಅಂದರೆ ಯಾರು ಇಡ್ತಾರೆ?

1977ರಲ್ಲಿ ಸ್ವೀಡನ್ನಿನ ಸಾಬ್ 99 ಟರ್ಬೊ ಫ್ರಾಂಕ್‌ಫರ್ಟ್ ಮೇಳದಲ್ಲಿ ಕಾಣಿಸಿತು. ಟರ್ಬೊ ಮತ್ತೆ ಮನೆಮಂದಿಯ ಕಾರಿಗೆ ಬಂತು, ಈ ಸಲ ಡಬ್ಬ ಇಲ್ಲದೆ. ಆದರೆ ಬೇರೆ ತಲೆನೋವು ಉಳಿದಿತ್ತು. ಟರ್ಬೊದ ಶಾಫ್ಟು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತೆ, ತೆಳ್ಳನೆ ಆಯಿಲ್ ಪದರದ ಮೇಲೆ. ಇಂಜಿನ್ ಬಂದ್ ಮಾಡಿದ ಕೂಡಲೇ ಆಯಿಲ್ ನಿಲ್ಲುತ್ತೆ, ಬಿಸಿ ನಿಲ್ಲೋದಿಲ್ಲ. ಒಳಗಿದ್ದ ಆಯಿಲ್ ಅಲ್ಲೇ ಸೀದು ಇದ್ದಿಲಾಗುತ್ತೆ. ‘ಬಂದ್ ಮಾಡೋ ಮುಂಚೆ ಸ್ವಲ್ಪ ಹೊತ್ತು ಐಡಲ್ ಬಿಡಿ’ ಅಂತ ಡ್ರೈವರುಗಳು ಇವತ್ತಿಗೂ ಹೇಳೋದು ಇದಕ್ಕೇ.

80ರ ದಶಕದಲ್ಲಿ ಇದಕ್ಕೆ ಪರಿಹಾರವಾಗಿ ಬೇರಿಂಗ್ ಮನೆಯ ಸುತ್ತ ಇಂಜಿನ್ನಿನ ಕೂಲಂಟನ್ನೇ ಹರಿಸತೊಡಗಿದರು. ಇಂಜಿನ್ ನಿಂತ ಮೇಲೂ ಬಿಸಿ ನೀರು ಮೇಲೇರಿ, ತಣ್ಣನೆಯದು ಕೆಳಗಿಳಿದು ಬಿಸಿಯನ್ನು ಹೊತ್ತೊಯ್ಯುತ್ತೆ. ಡ್ರೈವರ್ ಏನನ್ನೂ ನೆನಪಿಡಬೇಕಿಲ್ಲ. ಆದರೆ ಇಂಜಿನ್ನಿನ ಅತಿ ಬಿಸಿ ಜಾಗಕ್ಕೇ ಎರಡು ನೀರಿನ ಪೈಪು, ನಾಲ್ಕು ಜಾಯಿಂಟು ಹೊಸದಾಗಿ ಸೇರಿದವು.

ಇಷ್ಟು ಓದಿದ ಮೇಲೆ ನಮ್ಮ ಕಾರಿನ ಹನಿ ಯಾಕೆ ನೆಲಕ್ಕೆ ಬೀಳಲಿಲ್ಲ ಅನ್ನೋದು ಹೊಳೆಯಿತು. ಬಿಳಿ ಹೊಗೆ ಇರಲಿಲ್ಲ, ಆಯಿಲ್ ಹಾಲಿನಂತಾಗಿರಲಿಲ್ಲ. ಗಾಡಿ ನಿಲ್ಲಿಸಿದಾಗ ಸಿಹಿ ವಾಸನೆ ಮಾತ್ರ. ಮರುದಿನ ತಣ್ಣಗಿದ್ದ ಇಂಜಿನ್ನಿಗೆ, ಕೂಲಂಟ್ ಡಬ್ಬದ ಬಾಯಿಗೆ ಕೈಪಂಪು ಸಿಕ್ಕಿಸಿ, ಮುಚ್ಚಳದ ಮೇಲೆ ಬರೆದಿದ್ದ ಒತ್ತಡದಷ್ಟೇ ಗಾಳಿ ತುಂಬಿಸಿದೆವು. ಮುಳ್ಳು ಮೆಲ್ಲಗೆ ಇಳಿಯಿತು. ಟಾರ್ಚು, ಚಿಕ್ಕ ಕನ್ನಡಿ ಹಿಡಿದು ಇಣುಕಿದರೆ ಟರ್ಬೊದ ಹಿಂದಿನ ಪೈಪಿನ ಬೋಲ್ಟಿನಲ್ಲಿ ಒಂದು ಹನಿ, ಸುತ್ತ ಒಣಗಿದ ಗುಲಾಬಿ ಕಲೆ. ಓಡುವಾಗ ಸೋರಿದ್ದೆಲ್ಲ ಅಲ್ಲೇ ಆವಿಯಾಗುತ್ತಿತ್ತು.

ಆ ಬೋಲ್ಟಿಗೆ ಎರಡು ತಾಮ್ರದ ವಾಷರ್ ಬದಲಿಸಿ, ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ ಬಿಗಿದು, ಗಾಳಿ ತೆಗೆದು ಕೂಲಂಟ್ ತುಂಬಿಸಿದೆವು. ನಲ್ಲಿ ನೀರು ಬೇಡವೆಂದೆ. ಡಿಕ್ಕಿಯಲ್ಲಿಟ್ಟುಕೊಂಡು ಓಡಾಡುತ್ತಿದ್ದ ಅರ್ಧ ಲೀಟರಿನ ಬಾಟಲಿ ಮೂರು ತಿಂಗಳಾದರೂ ಇನ್ನೂ ತುಂಬಿಯೇ ಇದೆ.