ಜನ್ಮಜಾತ ಹೃದ್ರೋಗದ ನಿದಾನದಲ್ಲಿ ಕಾಂತೀಯ ಅನುರಣನ ಚಿತ್ರಣ

ಹೃದಯದ ಕೋಣೆಗಳು, ಅವುಗಳ ನಡುವಿನ ಗೋಡೆಗಳು, ಕವಾಟಗಳು ಮತ್ತು ಹೃದಯಕ್ಕೆ ಸೇರಿದ ದೊಡ್ಡ ರಕ್ತನಾಳಗಳಲ್ಲಿ ಹುಟ್ಟಿನಿಂದಲೇ ಇರುವ ರಚನಾದೋಷಗಳಿಗೆ ಒಟ್ಟಾಗಿ ಜನ್ಮಜಾತ ಹೃದ್ರೋಗವೆಂದು ಹೆಸರು. ಸಾವಿರ ಶಿಶುಗಳಲ್ಲಿ ಸುಮಾರು 8ರಿಂದ 10 ಶಿಶುಗಳಿಗೆ ಇಂಥ ದೋಷವಿರುತ್ತದೆ. ಪ್ರಬಲ ಕಾಂತಕ್ಷೇತ್ರ ಮತ್ತು ರೇಡಿಯೋ ತರಂಗಗಳ ನೆರವಿನಿಂದ ದೇಹದ ಒಳಭಾಗವನ್ನು ಚಿತ್ರಿಸುವ ಎಂಆರ್‌ಐ ವಿಧಾನವನ್ನು ಈ ದೋಷಗಳ ಪತ್ತೆಗೆ 1980ರ ದಶಕದಿಂದ ಬಳಸಲಾಗುತ್ತಿದೆ. ಆರಂಭದಲ್ಲಿ ಅದು ಹೃದಯದ ಆಕಾರವನ್ನು ಮಾತ್ರ ತೋರಿಸುತ್ತಿತ್ತು. ಮುಂದೆ ಚಲನೆಯನ್ನೂ, ಕೊನೆಗೆ ಹರಿಯುವ ರಕ್ತದ ಪ್ರಮಾಣವನ್ನೂ ಅಳೆಯುವಷ್ಟು ಬೆಳೆಯಿತು.

ಹಿನ್ನೆಲೆ

ಫ್ರಾನ್ಸಿನ ವೈದ್ಯ ಎತಿಯೆನ್ ಲೂಯಿ ಫ್ಯಾಲೊ 1888ರಲ್ಲಿ ನಾಲ್ಕು ದೋಷಗಳು ಒಟ್ಟಿಗೆ ಕಾಣಿಸಿಕೊಳ್ಳುವ, ಮಗುವಿನ ಮೈ ನೀಲಿಗಟ್ಟುವ ರೋಗವನ್ನು ವಿವರಿಸಿದ ಕಾಲದಲ್ಲಿ ಇಂಥ ದೋಷಗಳ ಸ್ಪಷ್ಟ ಚಿತ್ರ ದೊರೆಯುತ್ತಿದ್ದುದು ಮರಣೋತ್ತರ ಪರೀಕ್ಷೆಯಿಂದ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆಲೆನ್ ಟೌಸಿಗ್, ಆಲ್ಫ್ರೆಡ್ ಬ್ಲೇಲಾಕ್ ಮತ್ತು ವಿವಿಯನ್ ಥಾಮಸ್ ಅವರ ಪ್ರಯತ್ನದಿಂದ 1944ರಲ್ಲಿ ನೀಲಿ ಶಿಶುಗಳ ಶಸ್ತ್ರಚಿಕಿತ್ಸೆ ಆರಂಭವಾದ ಮೇಲೆ, ಬದುಕಿರುವ ಮಗುವಿನ ಹೃದಯದೊಳಗಿನ ರಚನೆಯನ್ನು ನಿಖರವಾಗಿ ತಿಳಿಯುವುದು ಅನಿವಾರ್ಯವಾಯಿತು. ವರ್ನರ್ ಫೋರ್ಸ್‌ಮನ್ 1929ರಲ್ಲಿ ತನ್ನ ಮೇಲೆಯೇ ಪ್ರಯೋಗಿಸಿ ತೋರಿಸಿದ್ದ ಕ್ಯಾತಿಟರ್ ಪರೀಕ್ಷೆ, ಅಂದರೆ ರಕ್ತನಾಳದ ಮೂಲಕ ಹೃದಯದವರೆಗೆ ಸಣ್ಣ ಕೊಳವೆಯನ್ನು ತೂರಿಸುವ ವಿಧಾನವು, ಬಣ್ಣದ್ರವ್ಯ ಮತ್ತು ಕ್ಷ-ಕಿರಣಗಳೊಂದಿಗೆ ಸೇರಿ ಈ ಕಾರ್ಯಕ್ಕೆ ಒದಗಿತು. ಸ್ವೀಡನ್ನಿನಲ್ಲಿ ಇಂಗೆ ಎಡ್ಲರ್ ಮತ್ತು ಹೆಲ್ಮುತ್ ಹರ್ಟ್ಸ್ 1953ರಲ್ಲಿ ಆರಂಭಿಸಿದ ಶ್ರವಣಾತೀತ ಧ್ವನಿಯ ಪರೀಕ್ಷೆ, ಇಂದಿನ ಎಕೋ, ಸೂಜಿಯ ನೋವಾಗಲಿ ವಿಕಿರಣವಾಗಲಿ ಇಲ್ಲದೆ ಹೃದಯವನ್ನು ನೋಡುವ ದಾರಿ ತೆರೆಯಿತು. ಆದರೆ ಧ್ವನಿತರಂಗಗಳು ಮೂಳೆ ಮತ್ತು ಗಾಳಿ ತುಂಬಿದ ಶ್ವಾಸಕೋಶಗಳನ್ನು ಸರಿಯಾಗಿ ದಾಟಲಾರವಾದ್ದರಿಂದ, ದೇಹ ಬೆಳೆದಂತೆ ಎಕೋ ಚಿತ್ರದ ವ್ಯಾಪ್ತಿ ಕುಗ್ಗುತ್ತದೆ.

ತತ್ತ್ವ ಮತ್ತು ಮೊದಲ ಚಿತ್ರಗಳು

ಕಾಂತಕ್ಷೇತ್ರದಲ್ಲಿರುವ ಪರಮಾಣು ಬೀಜಗಳು ನಿರ್ದಿಷ್ಟ ಆವರ್ತನದ ರೇಡಿಯೋ ತರಂಗವನ್ನು ಹೀರಿಕೊಂಡು ಮತ್ತೆ ಸಂಕೇತ ಹೊಮ್ಮಿಸುವುದನ್ನು 1946ರಲ್ಲಿ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಬೇರೆ ಬೇರೆಯಾಗಿ ಘನ ಮತ್ತು ದ್ರವ ವಸ್ತುಗಳಲ್ಲಿ ಕಂಡುಹಿಡಿದರು. ಸ್ಥಳದಿಂದ ಸ್ಥಳಕ್ಕೆ ಕ್ರಮವಾಗಿ ಬದಲಾಗುವ ಕಾಂತಕ್ಷೇತ್ರವನ್ನು ಸೇರಿಸಿದರೆ ಸಂಕೇತ ಎಲ್ಲಿಂದ ಬಂದಿತೆಂದು ಗುರುತಿಸಬಹುದೆಂಬುದನ್ನು ಪಾಲ್ ಲಾಟರ್ಬರ್ 1973ರಲ್ಲಿ ನೀರು ತುಂಬಿದ ಎರಡು ಸಣ್ಣ ನಳಿಕೆಗಳ ಚಿತ್ರದ ಮೂಲಕ ತೋರಿಸಿದನು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಪೀಟರ್ ಮ್ಯಾನ್ಸ್‌ಫೀಲ್ಡ್ ಚಿತ್ರಣವನ್ನು ಅತಿ ವೇಗಗೊಳಿಸುವ ಕ್ರಮವನ್ನು ರೂಪಿಸಿದನು. ಇವರಿಬ್ಬರಿಗೂ 2003ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ದೇಹದ ಬಹುಭಾಗ ನೀರಾಗಿರುವುದರಿಂದ ಅದರಲ್ಲಿನ ಹೈಡ್ರೋಜನ್ ಬೀಜಗಳೇ ಈ ಚಿತ್ರಗಳಿಗೆ ಆಧಾರ.

ಮಿದುಳಿನ ಚಿತ್ರಣಕ್ಕೆ ಇಲ್ಲದ ತೊಡಕು ಹೃದಯದ ಚಿತ್ರಣಕ್ಕಿತ್ತು. ಒಂದು ಚಿತ್ರಕ್ಕೆ ಹಲವು ನಿಮಿಷ ಬೇಕಾಗಿದ್ದ ಆ ದಿನಗಳಲ್ಲಿ, ಸದಾ ಬಡಿಯುತ್ತಿರುವ ಹೃದಯದ ಅಂಚುಗಳೆಲ್ಲ ಮಸುಕಾಗುತ್ತಿದ್ದವು. ಹೃದಯದ ವಿದ್ಯುತ್ ಸಂಕೇತವಾದ ಇಸಿಜಿಯನ್ನು ಗಮನಿಸುತ್ತ, ಪ್ರತಿ ಬಡಿತದ ಒಂದೇ ಹಂತದಲ್ಲಿ ಮಾಹಿತಿ ಸಂಗ್ರಹಿಸಿ, ಅನೇಕ ಬಡಿತಗಳ ಮಾಹಿತಿಯನ್ನು ಒಂದೇ ಚಿತ್ರವಾಗಿ ಜೋಡಿಸುವ ಕ್ರಮದಿಂದ ಈ ತೊಡಕು ನೀಗಿತು. ಹೀಗೆ ಪಡೆದ ಜನ್ಮಜಾತ ಹೃದಯದೋಷಗಳ ಚಿತ್ರಗಳನ್ನು ಚಾರ್ಲ್ಸ್ ಹಿಗಿನ್ಸ್ ಅವರ ತಂಡವೂ ಸೇರಿದಂತೆ ಅಮೆರಿಕದ ಸಂಶೋಧಕರು 1984ರ ಸುಮಾರಿಗೆ ಪ್ರಕಟಿಸಿದರು. ವೇಗವಾಗಿ ಹರಿಯುವ ರಕ್ತ ಈ ಚಿತ್ರಗಳಲ್ಲಿ ಕಪ್ಪಾಗಿ ಕಾಣುತ್ತಿದ್ದುದರಿಂದ ಗೋಡೆಗಳೂ ನಾಳಗಳೂ ಬಣ್ಣದ್ರವ್ಯವಿಲ್ಲದೆಯೇ ಸ್ಪಷ್ಟವಾಗುತ್ತಿದ್ದವು. ಮಹಾಪಧಮನಿ ಒಂದೆಡೆ ಕಿರಿದಾಗುವ ದೋಷ, ಶ್ವಾಸನಾಳವನ್ನು ಸುತ್ತುವರಿದು ಒತ್ತುವ ರಕ್ತನಾಳದ ಉಂಗುರ, ತಪ್ಪು ಕೋಣೆಗೆ ಸೇರುವ ಶ್ವಾಸಕೋಶದ ಅಭಿಧಮನಿ ಮುಂತಾಗಿ ಎದೆಯ ಒಳಭಾಗದಲ್ಲಿ ಅಡಗಿರುವ ದೋಷಗಳ ಪತ್ತೆಯಲ್ಲಿ ಇದರ ಬೆಲೆ ಬೇಗನೆ ಸಾಬೀತಾಯಿತು.

ಆಕಾರದಿಂದ ಅಳತೆಗೆ

1980ರ ದಶಕದ ಉತ್ತರಾರ್ಧದಲ್ಲಿ ಎರಡು ಬೆಳವಣಿಗೆಗಳು ಈ ವಿಧಾನದ ಸ್ವರೂಪವನ್ನೇ ಬದಲಿಸಿದವು. ಮೊದಲನೆಯದು ಒಂದು ಬಡಿತದ ಹಲವು ಹಂತಗಳನ್ನು ಸಾಲಾಗಿ ತೋರಿಸುವ ಚಲನಚಿತ್ರ ಮಾದರಿ. ಹೃತ್ಕುಕ್ಷಿಯನ್ನು, ಅಂದರೆ ರಕ್ತವನ್ನು ಹೊರದಬ್ಬುವ ಕೆಳಗಿನ ಕೋಣೆಯನ್ನು, ತಳದಿಂದ ತುದಿಯವರೆಗೆ ತೆಳು ಪದರಗಳಾಗಿ ಚಿತ್ರಿಸಿ, ಪ್ರತಿ ಪದರದ ವಿಸ್ತೀರ್ಣವನ್ನು ದಪ್ಪದಿಂದ ಗುಣಿಸಿ ಕೂಡಿಸಿದರೆ ಆ ಕೋಣೆಯ ಗಾತ್ರ ದೊರೆಯುತ್ತದೆ; ಕೋಣೆಯ ಆಕಾರ ಹೀಗೆಯೇ ಇರಬೇಕೆಂಬ ಊಹೆ ಇಲ್ಲಿ ಬೇಕಿಲ್ಲ. ಎರಡನೆಯದು ರಕ್ತದ ವೇಗವನ್ನು ಅಳೆಯುವ ವಿಧಾನ. ಬದಲಾಗುವ ಕಾಂತಕ್ಷೇತ್ರದಲ್ಲಿ ಚಲಿಸುವ ಹೈಡ್ರೋಜನ್ ಬೀಜಗಳ ಸಂಕೇತ ವೇಗಕ್ಕೆ ತಕ್ಕಂತೆ ಮುಂದೆ ಅಥವಾ ಹಿಂದೆ ಸರಿಯುವುದರಿಂದ, ಆ ಸರಿತವನ್ನು ಅಳೆದು ವೇಗವನ್ನೂ, ವೇಗವನ್ನು ನಾಳದ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿ ಹರಿವನ್ನೂ ತಿಳಿಯಬಹುದು. ಇದನ್ನು ವೈದ್ಯಕೀಯ ಬಳಕೆಗೆ ತರುವಲ್ಲಿ ಲಂಡನ್ನಿನ ಡೊನಾಲ್ಡ್ ಲಾಂಗ್‌ಮೋರ್, ಡೇವಿಡ್ ಫರ್ಮಿನ್ ಮತ್ತು ಅವರ ಸಹೋದ್ಯೋಗಿಗಳ ಪಾತ್ರ ದೊಡ್ಡದು.

ಹೃದಯದ ಗೋಡೆಯಲ್ಲಿ ರಂಧ್ರವಿರುವಾಗ ಶ್ವಾಸಕೋಶಕ್ಕೆ ಹೋಗುವ ರಕ್ತ ಮತ್ತು ದೇಹಕ್ಕೆ ಹೋಗುವ ರಕ್ತದ ಅನುಪಾತವು ಚಿಕಿತ್ಸೆಯ ನಿರ್ಧಾರಕ್ಕೆ ಮುಖ್ಯ ಆಧಾರ. ಸಹಜ ಹೃದಯದಲ್ಲಿ ಈ ಅನುಪಾತ ಸುಮಾರು 1 ಇರುತ್ತದೆ. ರಂಧ್ರದ ಮೂಲಕ ರಕ್ತ ಎಡದಿಂದ ಬಲಕ್ಕೆ ಸೋರಿದಾಗ ಅದು ಏರುತ್ತದೆ. ಮೊದಲು ಇದಕ್ಕೆ ಕ್ಯಾತಿಟರ್ ತೂರಿಸಿ, ಬೇರೆ ಬೇರೆ ಕೋಣೆಗಳ ರಕ್ತದ ಆಮ್ಲಜನಕವನ್ನು ಅಳೆಯಬೇಕಾಗುತ್ತಿತ್ತು. ಈಗ ಮಹಾಪಧಮನಿ ಮತ್ತು ಶ್ವಾಸಕೋಶದ ಅಪಧಮನಿಗಳ ಹರಿವನ್ನು ಎಂಆರ್‌ಐನಲ್ಲಿ ನೇರವಾಗಿ ಅಳೆದು ಹೋಲಿಸಬಹುದಾಯಿತು.

1988ರಲ್ಲಿ ಗ್ಯಾಡೊಲಿನಿಯಂ ಧಾತುವಿನ ಸಂಯುಕ್ತವೊಂದು ಬಣ್ಣದ್ರವ್ಯವಾಗಿ ಅನುಮತಿ ಪಡೆಯಿತು. 1990ರ ದಶಕದಲ್ಲಿ ಅದರ ನೆರವಿನಿಂದ ರಕ್ತನಾಳಗಳ ಮೂರು ಆಯಾಮದ ಚಿತ್ರಗಳು ಕೆಲವೇ ಸೆಕೆಂಡುಗಳಲ್ಲಿ, ರೋಗಿ ಉಸಿರು ಬಿಗಿಹಿಡಿದಿರುವ ಅವಧಿಯೊಳಗೆ, ದೊರೆಯತೊಡಗಿದವು.

ಶಸ್ತ್ರಚಿಕಿತ್ಸೆಯ ನಂತರದ ಬದುಕು

ಫ್ಯಾಲೊ ದೋಷಗಳನ್ನು ಸಂಪೂರ್ಣ ಸರಿಪಡಿಸುವ ಶಸ್ತ್ರಚಿಕಿತ್ಸೆಯನ್ನು ವಾಲ್ಟನ್ ಲಿಲ್ಲೆಹೈ 1954ರಲ್ಲಿ ಮಿನ್ನೆಸೋಟಾದಲ್ಲಿ ಆರಂಭಿಸಿದ ಬಳಿಕ ಬದುಕುಳಿದ ಮಕ್ಕಳು ವಯಸ್ಕರಾದಂತೆ ಹೊಸ ಪ್ರಶ್ನೆ ಎದುರಾಯಿತು. ಶ್ವಾಸಕೋಶದ ಅಪಧಮನಿಯ ಇಕ್ಕಟ್ಟನ್ನು ಬಿಡಿಸುವಾಗ ಅಲ್ಲಿನ ಕವಾಟ ಹಲವರಲ್ಲಿ ಸೋರುವಂತಾಗಿ, ಹಿಂದಿರುಗುವ ರಕ್ತದ ಹೊರೆಯಿಂದ ಬಲ ಹೃತ್ಕುಕ್ಷಿ ವರ್ಷಗಳ ಕಾಲ ಸದ್ದಿಲ್ಲದೆ ಹಿಗ್ಗುತ್ತಿತ್ತು. ಹೊಸ ಕವಾಟವನ್ನು ತೀರ ಬೇಗ ಹಾಕಿದರೆ ಅದು ಸವೆದು ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ತಡವಾದರೆ ಸ್ನಾಯು ಚೇತರಿಸಿಕೊಳ್ಳದು. ಬಲ ಹೃತ್ಕುಕ್ಷಿಯ ವಕ್ರ ಆಕಾರವನ್ನು ಎಕೋದಿಂದ ಅಳೆಯುವುದು ಕಷ್ಟವಾದ್ದರಿಂದ, ಸರಿಯಾದ ಸಮಯವನ್ನು ನಿರ್ಧರಿಸಲು ಎಂಆರ್‌ಐ ಅಳತೆಯೇ ಮಾನದಂಡವಾಯಿತು. ಗ್ಯಾಡೊಲಿನಿಯಂ ಕೊಟ್ಟು ಕೆಲವು ನಿಮಿಷಗಳ ಬಳಿಕ ತೆಗೆದ ಚಿತ್ರದಲ್ಲಿ ಗಾಯದ ಕಲೆಗಟ್ಟಿದ ಸ್ನಾಯು ಬೆಳ್ಳಗೆ ಕಾಣುತ್ತದೆ. ಇಂಥ ಕಲೆ ಹೆಚ್ಚಿರುವ ಫ್ಯಾಲೊ ರೋಗಿಗಳಲ್ಲಿ ಹೃದಯದ ಲಯ ತಪ್ಪುವುದೂ ಹೆಚ್ಚೆಂದು ಲಂಡನ್ನಿನ ರಾಯಲ್ ಬ್ರಾಂಪ್ಟನ್ ಆಸ್ಪತ್ರೆಯ ತಂಡ 2006ರಲ್ಲಿ ವರದಿ ಮಾಡಿತು. ಕ್ಷ-ಕಿರಣದ ಪ್ರಮಾಣವನ್ನು ತಗ್ಗಿಸಲು ಕ್ಯಾತಿಟರನ್ನು ಎಂಆರ್‌ಐ ಚಿತ್ರದ ಮಾರ್ಗದರ್ಶನದಲ್ಲಿ ನಡೆಸುವ ಪ್ರಯೋಗವೂ 2003ರಲ್ಲಿ ಲಂಡನ್ನಿನಿಂದ ಪ್ರಕಟವಾಯಿತು.

ಮಿತಿಗಳು ಮತ್ತು ಸ್ಥಾನ

ಪರೀಕ್ಷೆ ದೀರ್ಘವಾದ್ದರಿಂದ ಚಿಕ್ಕ ಮಕ್ಕಳಿಗೆ ಹಲವು ಸಲ ಅರಿವಳಿಕೆ ಬೇಕಾಗುತ್ತದೆ. ಎಳೆಗೂಸುಗಳಾದರೆ ಹಾಲೂಡಿಸಿ, ಬಟ್ಟೆಯಲ್ಲಿ ಸುತ್ತಿ, ನಿದ್ದೆಯಲ್ಲಿದ್ದಾಗಲೇ ಚಿತ್ರ ತೆಗೆಯುವ ರೂಢಿಯೂ ಇದೆ. ಹಳೆಯ ಪೇಸ್‌ಮೇಕರ್‌ಗಳು ಕಾಂತಕ್ಷೇತ್ರದಲ್ಲಿ ಅಪಾಯಕಾರಿಯಾಗಬಹುದು, ಲೋಹದ ಸುರುಳಿಗಳು ಸುತ್ತಲಿನ ಚಿತ್ರವನ್ನು ಕೆಡಿಸುತ್ತವೆ. ಕೆಲವು ಗ್ಯಾಡೊಲಿನಿಯಂ ಸಂಯುಕ್ತಗಳಿಂದ ಮೂತ್ರಪಿಂಡ ತೀವ್ರವಾಗಿ ಕೆಟ್ಟವರಲ್ಲಿ ಚರ್ಮ ಮತ್ತು ಅಂಗಾಂಶಗಳು ಗಡುಸಾಗುವ ರೋಗ ಬರುವುದು 2006ರಲ್ಲಿ ಬೆಳಕಿಗೆ ಬಂದ ನಂತರ ಅವುಗಳ ಬಳಕೆಗೆ ಕಟ್ಟುನಿಟ್ಟಾದ ನಿಯಮಗಳು ಬಂದವು.

ಜನ್ಮಜಾತ ಹೃದ್ರೋಗದಲ್ಲಿ ಮೊದಲ ಪರೀಕ್ಷೆಯಾಗಿ ಎಕೋ ಇಂದಿಗೂ ಉಳಿದಿದೆ. ಒಳಗಿನ ಒತ್ತಡವನ್ನು ನೇರವಾಗಿ ಅಳೆಯಲು ಕ್ಯಾತಿಟರ್ ಬೇಕೇ ಬೇಕು. ಆದರೆ ಶೈಶವದಲ್ಲಿ ಶಸ್ತ್ರಚಿಕಿತ್ಸೆಯಾಗಿ ಜೀವನವಿಡೀ ತಪಾಸಣೆಯಲ್ಲಿರಬೇಕಾದ ರೋಗಿಗೆ, ವಿಕಿರಣದ ಹೊರೆಯಿಲ್ಲದೆ ಮತ್ತೆ ಮತ್ತೆ ಅಳೆದು ಹಿಂದಿನ ಅಳತೆಯೊಂದಿಗೆ ಹೋಲಿಸಲು ಎಂಆರ್‌ಐಗಿಂತ ವಿಶ್ವಾಸಾರ್ಹವಾದ ಸಾಧನ ಸದ್ಯಕ್ಕೆ ಇಲ್ಲ.